ಸಲ್ಫೇಟನ್ನು ಬಿಡಿಸದೆ ಎಣಿಸುವುದು

ಕುಡಿಯುವ ನೀರಿನ ಕದಡು ಇಳಿಸಲು ಆಲಂ ಹಾಕುತ್ತಾರೆ. ನೀರಿನಲ್ಲಿ ಕ್ಷಾರ ಸಾಲದಿದ್ದರೆ ಜತೆಗೆ ಅರಳಿದ ಸುಣ್ಣವನ್ನೂ. ಆಲಂನ ಅಲ್ಯೂಮಿನಿಯಂ ಸಲ್ಫೇಟ್, ಸುಣ್ಣದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ವರ್ತಿಸಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತವೆ. ಈ ಸಮೀಕರಣವನ್ನು, ಎರಡೂ ಕಡೆ ಪರಮಾಣುಗಳ ಎಣಿಕೆ ಒಂದೇ ಆಗುವಂತೆ, ಆಕ್ಸಿಜನ್‌ನಿಂದ ಸರಿದೂಗಿಸಲು ಹೊರಟರೆ ಎಡಗಡೆ 12 ಮತ್ತು 2, ಬಲಗಡೆ 3 ಮತ್ತು 4. ಯಾವುದು ಎಲ್ಲಿಯದೆಂದು ತಿಳಿಯುವಷ್ಟರಲ್ಲಿ ಹಾಳೆ ತುಂಬಿರುತ್ತದೆ.

ನಾನು ಆಕ್ಸಿಜನ್ ಮುಟ್ಟುವುದೇ ಇಲ್ಲ. ಮೊದಲು ಅಣುಸೂತ್ರ ಸರಿಯಿದೆಯೇ ನೋಡುತ್ತೇನೆ. ಅಲ್ಯೂಮಿನಿಯಂನ ವಿದ್ಯುದಾವೇಶ +3, ಸಲ್ಫೇಟ್ −2. ಹಾಗಾಗಿ 2 ಅಲ್ಯೂಮಿನಿಯಂಗೆ 3 ಸಲ್ಫೇಟ್. ಕ್ಯಾಲ್ಸಿಯಂ +2, ಹೈಡ್ರಾಕ್ಸೈಡ್ −1, 1ಕ್ಕೆ 2. ಇಲ್ಲಿ ಹೈಡ್ರಾಕ್ಸೈಡಿಗೆ ಆವರಣ ಹಾಕದೆ 2 ಬರೆದರೆ ಅದು ಹೈಡ್ರೋಜನ್‌ಗೆ ಮಾತ್ರ ಅಂಟಿಕೊಂಡು ಒಂದು ಆಕ್ಸಿಜನ್ ಖೋತಾ. ಮುಂದಿನ ಲೆಕ್ಕವೆಲ್ಲ ಕೆಡುವುದು ಬಹುತೇಕ ಇದರಿಂದಲೇ.

ಆಮೇಲೆ ಅಯಾನುಗಳನ್ನು (ವಿದ್ಯುದಾವೇಶವಿರುವ ಪರಮಾಣು ಅಥವಾ ಪರಮಾಣುಗಳ ಗುಂಪು) ಇಡಿಯಾಗಿ ಎಣಿಸುತ್ತೇನೆ. ಎಡಗಡೆ ಅಲ್ಯೂಮಿನಿಯಂ 2, ಸಲ್ಫೇಟ್ 3, ಕ್ಯಾಲ್ಸಿಯಂ 1, ಹೈಡ್ರಾಕ್ಸೈಡ್ 2. ಬಲಗಡೆ ಅದೇ ಕ್ರಮದಲ್ಲಿ 1, 1, 1, 3. ಸಲ್ಫೇಟ್ ಸರಿಹೋಗಲು ಕ್ಯಾಲ್ಸಿಯಂ ಸಲ್ಫೇಟಿನ ಸೂತ್ರದ ಮುಂದೆ 3 ಕೊಡುತ್ತೇನೆ. ಆ 3ನ್ನು ಸೂತ್ರದೊಳಗೆ, ಸಲ್ಫೇಟಿನ ಆವರಣದ ಬುಡದಲ್ಲಿ ಬರೆದರೂ ಎಣಿಕೆ ಕೂಡುತ್ತದೆ. ಆದರೆ ಅಂಥ ವಸ್ತುವೇ ಇಲ್ಲ! ಈಗ ಕ್ಯಾಲ್ಸಿಯಂ 3 ಆದ್ದರಿಂದ ಸುಣ್ಣಕ್ಕೂ 3, ಅಲ್ಯೂಮಿನಿಯಂ ಹೈಡ್ರಾಕ್ಸೈಡಿಗೆ 2. ಹೈಡ್ರಾಕ್ಸೈಡ್ ಎರಡೂ ಕಡೆ ತಾನಾಗಿ 6. ಸಹಗುಣಕಗಳು 1, 3, 2, 3. ಅನುಮಾನವಿದ್ದರೆ ತೂಕದಲ್ಲಿ ತಾಳೆ ನೋಡಿ: 342 + 222 ಗ್ರಾಂ ಎಡಗಡೆ, 156 + 408 ಬಲಗಡೆ, ಎರಡೂ 564.

ಆಮ್ಲಕ್ಕೆ ಸುಣ್ಣ ಹಾಕಿದಾಗ ಬಲಗಡೆ ಹೈಡ್ರಾಕ್ಸೈಡ್ ಕಾಣದೆ ಕೈ ತಡೆಯುತ್ತದೆ. ನೀರನ್ನು ಒಂದು ಹೈಡ್ರೋಜನ್, ಒಂದು ಹೈಡ್ರಾಕ್ಸೈಡ್ ಎಂದು ಓದಿಕೊಂಡರಾಯಿತು. 2 ಫಾಸ್ಫಾರಿಕ್ ಆಮ್ಲದ 6 ಹೈಡ್ರೋಜನ್, 3 ಸುಣ್ಣದ 6 ಹೈಡ್ರಾಕ್ಸೈಡ್ ಸೇರಿ 6 ನೀರು. ಉಳಿದದ್ದು 1 ಕ್ಯಾಲ್ಸಿಯಂ ಫಾಸ್ಫೇಟ್.

ಅಯಾನು ಒಡೆದರೆ ಮಾತ್ರ ಈ ಉಪಾಯ ನಡೆಯದು. ನೀರು ಬೆರೆಸಿ ತೆಳುವಾಗಿಸಿದ ನೈಟ್ರಿಕ್ ಆಮ್ಲದಲ್ಲಿ ತಾಮ್ರ ಕರಗಿದಾಗ ನೈಟ್ರೇಟಿನ ಒಂದು ಪಾಲು ನೈಟ್ರಿಕ್ ಆಕ್ಸೈಡ್ ಅನಿಲವಾಗಿ ಹೋಗುತ್ತದೆ. ಅಲ್ಲಿ ಎಲೆಕ್ಟ್ರಾನ್ ಲೆಕ್ಕವೇ ಗತಿ: ತಾಮ್ರ 2 ಬಿಡುತ್ತದೆ, ನೈಟ್ರೋಜನ್ 3 ಪಡೆಯುತ್ತದೆ, ಲ.ಸಾ.ಅ. 6. ಹಾಗಾಗಿ 3 ತಾಮ್ರ, 2 ನೈಟ್ರಿಕ್ ಆಕ್ಸೈಡ್. 3 ತಾಮ್ರದ ನೈಟ್ರೇಟಿಗೆ ಇಡಿಯಾಗಿ ಉಳಿದ ನೈಟ್ರೇಟ್ 6, ಒಡೆದದ್ದು 2. ಒಟ್ಟು ಆಮ್ಲ 8, ನೀರು 4.