ಲ್ಯಾಪ್‌ಟಾಪ್ ಬಿಡಿಭಾಗಗಳ ಬಣ್ಣ ಹೊಂದಿಸಿದ್ದು ಹೀಗೆ

ನನ್ನದು ಬಿಡಿಭಾಗಗಳನ್ನು ನಾವೇ ಬದಲಾಯಿಸಿಕೊಳ್ಳಬಹುದಾದ ಲ್ಯಾಪ್‌ಟಾಪ್. ಅದಕ್ಕೇ ಅದರ ಮೇಲೆ ಪ್ರೀತಿ ಜಾಸ್ತಿ. ಹೊಸ ಬೂದು ಯುಎಸ್‌ಬಿ ಕಾರ್ಡ್‌ಗಳನ್ನು (ಲ್ಯಾಪ್‌ಟಾಪ್‌ನ ಬದಿಯಲ್ಲಿ ಸಿಕ್ಕಿಸುವ, ಯುಎಸ್‌ಬಿ ಕಿಂಡಿ ಇರುವ ಪುಟ್ಟ ತುಂಡುಗಳು) ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಸಿಕ್ಕಿಸಿದಾಗ ಹೊರಮೈ ಬಣ್ಣಕ್ಕೆ ಚೆನ್ನಾಗಿ ಹೊಂದಿದ್ದವು. ಬೆಳಿಗ್ಗೆ ಕಿಟಕಿ ಪಕ್ಕ ನೋಡಿದರೆ ನಾಲ್ಕೂ ನೀಲಿ ಹೊಡೆಯುತ್ತಿದ್ದವು!

ಲ್ಯಾಪ್‌ಟಾಪ್‌ನ ಹೊರಮೈ ಆನೋಡೈಸ್ ಮಾಡಿದ (ವಿದ್ಯುತ್ ಹಾಯಿಸಿ ಮೇಲೆ ಗಟ್ಟಿ ಪದರ ಮೂಡಿಸಿದ) ಅಲ್ಯೂಮಿನಿಯಂ. ಕಾರ್ಡ್ ಪ್ಲಾಸ್ಟಿಕ್. ಒಂದು ಬೆಳಕಿನಲ್ಲಿ ಒಂದೇ ಥರ ಕಂಡ ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಇದಕ್ಕೆ ಮೆಟಾಮೆರಿಸಂ ಅಂತಾರೆ. ಲೋಹದ ಹೊಳಪು ಪ್ಲಾಸ್ಟಿಕ್‌ಗೆ ಬರೋದೂ ಕಷ್ಟ ಅಲ್ವಾ?

ಬೂದು ಹೊಂದಿಸುವ ಹಟ ಬಿಟ್ಟೆ. ಪರದೆಯ ಸುತ್ತಲಿನ ಚೌಕಟ್ಟು ಬರೀ ಅಯಸ್ಕಾಂತದಿಂದ ಕೂತಿರುತ್ತದೆ. ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿ ತೆಗೆದು ಕಪ್ಪು ಹಾಕಿದೆ. ಈ ಸಲ ಗೆಳೆಯನ ಕಪ್ಪು ಕಾರ್ಡನ್ನು ಹಗಲು ಬೆಳಕಲ್ಲಿ ಪಕ್ಕಕ್ಕಿಟ್ಟು ನೋಡಿಯೇ ನಾಲ್ಕು ತರಿಸಿದೆ. ಚೌಕಟ್ಟು, ಕಾರ್ಡು, ಕೀಬೋರ್ಡ್ ಎಲ್ಲ ಈಗ ಒಂದೇ ಮನೆಯವರಂತಿವೆ.