ಸಮುದ್ರದಡಿ ಕೇಬಲ್‌ಗೆ ಲಂಗರು, ಬಲೆ ಸಿಕ್ಕಾಕೊಳ್ದಂಗೆ ನೋಡ್ಕೊಳೋದು ಹೇಗೆ

ಸಮುದ್ರದಡಿ ಕೇಬಲ್ ಕಟ್ಟಾಯ್ತು ಅಂದ್ರೆ ಎಲ್ರೂ ಮೊದ್ಲು ಕೇಳೋದು ಶಾರ್ಕ್ ಕಚ್ತಾ ಅಂತ. ಆದ್ರೆ ನಿಜವಾದ ಕಾರಣ ಬೇರೆ: ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 150ರಿಂದ 200 ಸಲ ಕೇಬಲ್ ಹಾಳಾಗುತ್ತೆ, ಅದ್ರಲ್ಲಿ ಮುಕ್ಕಾಲು ಪಾಲು ಮೀನಿನ ಬಲೆ ಮತ್ತೆ ಹಡಗಿನ ಲಂಗರಿಂದಾನೇ, ಅಂದ್ರೆ ತಪ್ಪಿಸೋದು ಬೋಟು, ಹಡಗು ನಡೆಸೋರ ಕೈಲೇ ಇದೆ.

ಹೊರಡೋ ಮುಂಚೆ ಹೊಸ ಚಾರ್ಟ್ (ಸಮುದ್ರದ ಮ್ಯಾಪ್) ಹಾಕ್ಕೊಳಿ. ಕೇಬಲ್ ಇರೋ ಕಡೆ ಕೆನ್ನೇರಳೆ ಬಣ್ಣದ ಅಂಕುಡೊಂಕು ಗೆರೆ ಇರುತ್ತೆ, ಕರೆಂಟ್ ಕೇಬಲ್ ಆದ್ರೆ ಅದ್ರ ಮೇಲೆ ಮಿಂಚಿನ ಗುರುತೂ ಇರುತ್ತೆ. ಅಲ್ಲಿ ಲಂಗರು ಹಾಕ್ಬೇಡಿ, ತಳಕ್ಕೆ ತಾಗೋ ಬಲೆ ಎಳೀಬೇಡಿ. ಕೇಬಲ್‌ನ ಮಣ್ಣಲ್ಲಿ ಹೂತಿರ್ತಾರಲ್ಲ ಅಂತ ಧೈರ್ಯ ಬೇಡ, ಬಂಡೆ ಇರೋ ಕಡೆ ಹೂಳೋಕೇ ಆಗಲ್ಲ, ಹೂತಿದ್ರೂ ನೀರಿನ ಸೆಳೆತಕ್ಕೆ ಮರಳು ಸರಿದು ಮೇಲೆ ಬಂದಿರಬಹುದು.

ದೊಡ್ಡ ಹಡಗಾದ್ರೆ ಹೊರಟ್ಮೇಲೆ ಲಂಗರಿನ ಬ್ರೇಕ್ ಒಂದನ್ನೇ ನಂಬ್ಕೊಂಡು ಬಿಡ್ಬೇಡಿ, ಸರಪಳಿಗೆ ಅದು ಜಾರದಂಗೆ ಹಿಡಿಯೋ ಸ್ಟಾಪರ್ ಹಾಕಿ ಬಿಗಿಯಾಗಿ ಕಟ್ಟಿ, ಅಲೆ ಜಾಸ್ತಿ ಇದ್ದಾಗ ಮತ್ತೆ ಚೆಕ್ ಮಾಡಿ. ಇಂಜಿನ್ ಅಷ್ಟೇ ಓಡ್ತಿದ್ರೂ ಸ್ಪೀಡ್ ಇದ್ದಕ್ಕಿದ್ದಂಗೆ ಇಳಿದ್ರೆ ಮೊದ್ಲು ಲಂಗರು ಜಾರಿ ಕೆಳಗೆ ಬಿದ್ದಿದ್ಯಾ ನೋಡಿ. 2024ರ ಡಿಸೆಂಬರ್ 25ಕ್ಕೆ ಫಿನ್‌ಲ್ಯಾಂಡ್-ಎಸ್ಟೋನಿಯಾ ನಡುವಿನ ಎಸ್ಟ್‌ಲಿಂಕ್ 2 ಕರೆಂಟ್ ಕೇಬಲ್ ಕಟ್ಟಾದಾಗ ತಳದಲ್ಲಿ ಹತ್ತಾರು ಕಿಲೋಮೀಟರ್ ಉದ್ದಕ್ಕೆ ಲಂಗರು ಎಳೆದ ಗುರುತು ಸಿಕ್ತು, ಆ ಲೈನ್ ಮತ್ತೆ ಚಾಲೂ ಆಗಿದ್ದು 2025ರ ಜೂನ್‌ನಲ್ಲಿ.

ಈಗ ಮುಖ್ಯ ವಿಷ್ಯ. ಬಲೆನೋ ಲಂಗರೋ ಕೇಬಲ್‌ಗೆ ಸಿಕ್ಕಾಕೊಂಡಿದೆ ಅಂತ ಡೌಟ್ ಬಂದ್ರೆ ವಿಂಚ್ (ಅದನ್ನ ಮೇಲೆಳೆಯೋ ಯಂತ್ರ) ನಿಲ್ಸಿಬಿಡಿ. ಎಳೆದ್ರೆ ಕೇಬಲ್ ಅಷ್ಟೇ ಅಲ್ಲ, ಸಣ್ಣ ಬೋಟೇ ಮಗುಚಬಹುದು. ಮೇಲಕ್ಕೆ ಬಂದ್ಬಿಟ್ರೂ ಕೊಡಲಿ, ಗರಗಸ ಮುಟ್ಟಲೇಬೇಡಿ, ಇಂಟರ್ನೆಟ್ ಸಾಗಿಸೋ ಡೇಟಾ ಕೇಬಲ್ ಒಳಗೂ ಸಾವಿರಾರು ವೋಲ್ಟ್ ಹರೀತಿರುತ್ತೆ, ಜೀವಾನೇ ಹೋಗುತ್ತೆ. ಜಿಪಿಎಸ್ ಪಾಯಿಂಟ್ ಬರ್ಕೊಳಿ, ಕೋಸ್ಟ್ ಗಾರ್ಡ್‌ಗೆ ಹೇಳಿ, ಬಿಡಿಸೋಕಾಗ್ಲಿಲ್ಲ ಅಂದ್ರೆ ಬಲೆ ಅಥವಾ ಲಂಗರನ್ನ ಅಲ್ಲೇ ಬಿಟ್ಬಿಡಿ.

ಬಲೆ ಅಂದ್ರೆ ಹೊಟ್ಟೆಪಾಡು, ಬಿಟ್ಟು ಬರೋಕೆ ಮನಸ್ಸು ಬರಲ್ಲ, ನಿಜ. ಅದಕ್ಕೇ ಸಮುದ್ರದಡಿ ಕೇಬಲ್ ರಕ್ಷಣೆಗೆ ದೇಶಗಳು ಮಾಡ್ಕೊಂಡ 1884ರ ಒಪ್ಪಂದದಲ್ಲೂ ಆಮೇಲೆ 1982ರ ವಿಶ್ವಸಂಸ್ಥೆ ಸಮುದ್ರ ಕಾನೂನಲ್ಲೂ ಒಂದು ರೂಲ್ ಇದೆ: ಮೊದ್ಲೇ ಎಚ್ಚರಿಕೆ ವಹಿಸಿದ್ದೂ ಕೇಬಲ್ ಉಳಿಸೋಕೆ ಬಲೆ, ಲಂಗರು ಕಳ್ಕೊಂಡವ್ರಿಗೆ ಕೇಬಲ್ ಮಾಲೀಕ್ರೇ ಪರಿಹಾರ ಕೊಡ್ಬೇಕು. ಪ್ರೂಫ್ ಮಾತ್ರ ನಿಮ್ಮ ಜವಾಬ್ದಾರಿ, ಹಾಗಾಗಿ ಟೈಮು, ಜಾಗ ಲಾಗ್‌ಬುಕ್‌ಗೆ ಹಾಕಿ, ಫೋಟೋ ತೆಗೀರಿ, ಬೋಟಲ್ಲಿದ್ದೋರ ಹತ್ರ ಹೇಳಿಕೆ ಬರೆಸಿ ಸೈನ್ ಹಾಕಿಸ್ಕೊಳಿ, ದಡ ಸೇರಿದ 24 ಗಂಟೆ ಒಳಗೆ ಬಂದರು ಅಧಿಕಾರಿಗಳಿಗೆ ಕೊಟ್ಬಿಡಿ.