ನಡುವೆ ಮೂರು ಸೆಕೆಂಡು: ಹೆದ್ದಾರಿಯಲ್ಲಿ ಅಂತರ ಕಾಯ್ದುಕೊಳ್ಳುವ ಮತ್ತು ಲೇನ್ ಪಾಲಿಸುವ ಬಗೆ

ಹುಬ್ಬಳ್ಳಿಯ ಹೊರವಲಯದ ಗಬ್ಬೂರು ದಾಟಿ ಹಾವೇರಿಯ ಕಡೆಗೆ ಹೊರಟರೆ ವರೂರು, ತಡಸ, ಶಿಗ್ಗಾವಿ, ಬಂಕಾಪುರಗಳನ್ನು ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಎಲ್ಲ ಬಗೆಯ ವಾಹನಗಳೂ ಒಟ್ಟಿಗೆ ಸಾಗುತ್ತವೆ. ಪುಣೆ–ಬೆಂಗಳೂರು ನಡುವೆ ಓಡಾಡುವ ಕಂಟೇನರ್ ಲಾರಿಗಳು, ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಮೆಣಸಿನಕಾಯಿ ಲೋಡುಗಳು, ಸಾರಿಗೆ ಸಂಸ್ಥೆಯ ಬಸ್ಸುಗಳು, ಎರಡೆರಡು ಡಬ್ಬಿ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೊರಟ ಬೈಕುಗಳು, ಇವುಗಳ ನಡುವೆ ನೂರರ ವೇಗದಲ್ಲಿ ಬರುವ ಕಾರುಗಳು. ನಾನು ಈ ದಾರಿಯಲ್ಲಿ ಹಲವು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ. ನಮ್ಮ ಭಾಗದ ಚಾಲಕರಲ್ಲಿ ಸ್ಟೀರಿಂಗ್ ಹಿಡಿತಕ್ಕಾಗಲಿ ಧೈರ್ಯಕ್ಕಾಗಲಿ ಕೊರತೆಯಿಲ್ಲ. ಆದರೆ ಮುಂದಿನ ವಾಹನಕ್ಕೂ ತಮಗೂ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಹೆಚ್ಚಿನವರಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ. ಆ ಲೆಕ್ಕವನ್ನು ಮೊದಲು ನೋಡೋಣ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. 100ರ ವೇಗದಲ್ಲಿ ಸುಮಾರು 28 ಮೀಟರ್. ಮುಂದಿನ ವಾಹನದ ಬ್ರೇಕ್ ದೀಪ ಹೊತ್ತಿದ್ದನ್ನು ಕಣ್ಣು ಕಂಡು, ಕಾಲು ಆಕ್ಸಿಲರೇಟರ್ ಬಿಟ್ಟು ಬ್ರೇಕಿನ ಮೇಲೆ ಬೀಳಲು ಎಚ್ಚರವಿರುವ ಚಾಲಕನಿಗೂ ಒಂದರಿಂದ ಒಂದೂವರೆ ಸೆಕೆಂಡು ಬೇಕು. ಅಂದರೆ 80ರ ವೇಗದಲ್ಲಿ ನೀವು ಬ್ರೇಕ್ ಒತ್ತುವ ಮೊದಲೇ ನಿಮ್ಮ ಕಾರು 22ರಿಂದ 33 ಮೀಟರ್ ಮುಂದೆ ಹೋಗಿರುತ್ತದೆ. ಲಾರಿಯ ಹಿಂದೆ ಎಂಟು ಹತ್ತು ಮೀಟರ್ ಅಂತರದಲ್ಲಿ ಓಡಿಸುವವರಿಗೆ ಬ್ರೇಕ್ ಒತ್ತುವ ಅವಕಾಶವೇ ಸಿಗದಿರಬಹುದು. ಮುಂದಿನವನೂ ನಿಧಾನವಾಗಿಯೇ ನಿಲ್ಲುತ್ತಾನಲ್ಲ ಎಂದು ಕೆಲವರು ವಾದಿಸುತ್ತಾರೆ. ಅವನು ಬ್ರೇಕ್ ಹಾಕಿ ನಿಂತರೆ ಆ ಮಾತು ಅಷ್ಟಿಷ್ಟು ನಿಜ. ಅವನೇ ಇನ್ನೊಂದಕ್ಕೆ ಗುದ್ದಿ ನಿಂತರೆ ಅವನಿಗೆ ಬ್ರೇಕಿನ ದೂರ ಎಂಬುದೇ ಇರುವುದಿಲ್ಲ, ಇದ್ದಲ್ಲೇ ನಿಂತುಬಿಡುತ್ತಾನೆ.

ಮೀಟರ್ ಲೆಕ್ಕವನ್ನು ಓಡುವ ಕಾರಿನಲ್ಲಿ ಕಣ್ಣಳತೆಯಿಂದ ಹಿಡಿಯುವುದು ಕಷ್ಟ. ಆದ್ದರಿಂದ ಅಂತರವನ್ನು ಸಮಯದಲ್ಲಿ ಅಳೆಯಬೇಕು. ಮುಂದಿನ ವಾಹನದ ಹಿಂಭಾಗ ರಸ್ತೆ ಬದಿಯ ಒಂದು ಕಂಬವನ್ನೋ ಮೇಲ್ಸೇತುವೆಯ ನೆರಳನ್ನೋ ದಾಟಿದ ಕ್ಷಣ ‘ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು’ ಎಂದು ಅವಸರವಿಲ್ಲದೆ ಎಣಿಸಿ. ಒಂದೊಂದು ಸಂಖ್ಯೆಯನ್ನು ಪೂರ್ತಿಯಾಗಿ ಉಚ್ಚರಿಸಲು ಹೆಚ್ಚುಕಡಿಮೆ ಒಂದು ಸೆಕೆಂಡು ಹಿಡಿಯುತ್ತದೆ. ಮನೆಯಲ್ಲಿ ಗಡಿಯಾರದ ಮುಂದೆ ಎರಡು ಸಲ ಅಭ್ಯಾಸ ಮಾಡಿದರೆ ನಾಲಿಗೆಗೆ ಹದ ಸಿಗುತ್ತದೆ. ‘ಮೂರು’ ಎನ್ನುವ ಮೊದಲೇ ನಿಮ್ಮ ಕಾರು ಆ ಗುರುತನ್ನು ಮುಟ್ಟಿದರೆ ನೀವು ತೀರ ಹತ್ತಿರ ಇದ್ದೀರಿ. 80ರ ವೇಗದಲ್ಲಿ ಮೂರು ಸೆಕೆಂಡು ಎಂದರೆ ಸುಮಾರು 67 ಮೀಟರ್, 100ರಲ್ಲಿ ಸುಮಾರು 83 ಮೀಟರ್. ಮೊದಲ ದಿನ ಇದು ವಿಪರೀತ ದೂರ ಎನ್ನಿಸುತ್ತದೆ. ವಾರ ಕಳೆದ ಮೇಲೆ ಇದಕ್ಕಿಂತ ಕಡಿಮೆಯಾದರೆ ಎದೆ ಡವಗುಟ್ಟುತ್ತದೆ.

ಮಳೆಯಲ್ಲಿ ಈ ಎಣಿಕೆಯನ್ನು ಇಮ್ಮಡಿ ಮಾಡಬೇಕು. ನಮ್ಮ ಎರೆ ಭೂಮಿಯ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಅಣ್ಣಿಗೇರಿ, ಗದಗ, ನವಲಗುಂದದ ಕಡೆ ಮಳೆ ಬಿದ್ದ ಮರುದಿನ ಹೊಲದಿಂದ ಮೇಲೆ ಬಂದ ಟ್ರ್ಯಾಕ್ಟರಿನ ಗಾಲಿಗಳು ಅಂಗೈ ದಪ್ಪದ ಎರೆಮಣ್ಣಿನ ಹೆಂಟೆಗಳನ್ನು ಡಾಂಬರಿನ ಮೇಲೆ ಉದುರಿಸುತ್ತ ಹೋಗುತ್ತವೆ. ಒಂದು ತುಂತುರು ಬಿದ್ದರೆ ಅದು ಎಣ್ಣೆ ಸವರಿದಂತೆ ಜಾರುತ್ತದೆ. ರಸ್ತೆಯ ಮೇಲೆ ಕಪ್ಪು ಗಾಲಿ ಗುರುತು ಕಂಡಲ್ಲಿ, ಆಕಾಶ ಎಷ್ಟೇ ತಿಳಿಯಾಗಿದ್ದರೂ, ಅಂತರವನ್ನು ಹೆಚ್ಚಿಸಿಕೊಳ್ಳಿ.

ಅಷ್ಟು ಜಾಗ ಬಿಟ್ಟರೆ ಯಾರಾದರೂ ನಡುವೆ ನುಗ್ಗುತ್ತಾರೆ ಎಂಬುದು ನಾನು ಪದೇ ಪದೇ ಕೇಳುವ ಆಕ್ಷೇಪ. ನುಗ್ಗುತ್ತಾರೆ, ನಿಜ. ಆಗ ಆಕ್ಸಿಲರೇಟರ್ ಮೇಲಿನ ಕಾಲನ್ನು ತುಸು ಸಡಿಲಿಸಿ, ಬ್ರೇಕ್ ಮುಟ್ಟದೆ, ಹೊಸ ವಾಹನದ ಹಿಂದೆ ಮತ್ತೆ ಮೂರು ಸೆಕೆಂಡು ಮಾಡಿಕೊಳ್ಳಿ. ಇದರಿಂದ ನೀವು ಕಳೆದುಕೊಳ್ಳುವುದು ಆ ಮೂರು ಸೆಕೆಂಡು ಮಾತ್ರ. ಹುಬ್ಬಳ್ಳಿಯಿಂದ ಹಾವೇರಿ ಮುಟ್ಟುವುದರೊಳಗೆ ಇಪ್ಪತ್ತು ಜನ ನಡುವೆ ನುಗ್ಗಿದರೂ ನೀವು ಒಂದು ನಿಮಿಷ ತಡವಾಗಿ ತಲುಪುತ್ತೀರಿ.

ಲಾರಿ, ಬಸ್ಸುಗಳ ಹಿಂದೆ ಹೋಗುವಾಗ ಅಂತರಕ್ಕೆ ಇನ್ನೂ ದೊಡ್ಡ ಅರ್ಥವಿದೆ. ಕೆಲವು ವರ್ಷಗಳ ಹಿಂದೆ, ಬಂಕಾಪುರ ಇನ್ನೂ ಬಂದಿರಲಿಲ್ಲ, ಚೀಲ ಹೇರಿದ ಲಾರಿಯೊಂದರ ಬೆನ್ನಿಗೆ ಅಂಟಿಕೊಂಡಂತೆ ನಾನು ಹೋಗುತ್ತಿದ್ದೆ. ಅದರ ಮಡ್‌ಫ್ಲ್ಯಾಪಿನ ಹರಿದ ಅಂಚು, ಹಗ್ಗದ ಗಂಟು ಸಹ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ. ಇದ್ದಕ್ಕಿದ್ದಂತೆ ಲಾರಿ ಬಲಕ್ಕೆ ಸರಿಯಿತು. ಅದು ಬಿಟ್ಟುಹೋದ ಜಾಗದಲ್ಲಿ ಚಕ್ರ ಬಿಚ್ಚಿಟ್ಟ ಟ್ರ್ಯಾಕ್ಟರ್ ಡಬ್ಬಿಯೊಂದು ನಿಂತಿತ್ತು. ಡಬ್ಬಿಗೆ ರಿಫ್ಲೆಕ್ಟರ್ ಇತ್ತು, ಅದರ ಮೇಲೆ ಗೋಣಿತಟ್ಟು ಜೋತುಬಿದ್ದಿತ್ತು. ಬಲಗಡೆ ಯಾವ ವಾಹನವೂ ಇರದ ಕಾರಣ ನಾನು ಉಳಿದೆ. ಲಾರಿಯ ಚಾಲಕ ಎತ್ತರದಲ್ಲಿ ಕುಳಿತು ಬಹಳ ಮೊದಲೇ ಅದನ್ನು ಕಂಡಿದ್ದ; ಅವನು ಏನೂ ತಪ್ಪು ಮಾಡಿರಲಿಲ್ಲ. ಅವನ ಬೆನ್ನನ್ನು ಬಿಟ್ಟು ಬೇರೇನೂ ಕಾಣದ ಜಾಗದಲ್ಲಿ ಹೋಗಿ ನಿಂತ ತಪ್ಪು ನನ್ನದು.

ಆದ್ದರಿಂದ ದೊಡ್ಡ ವಾಹನದ ಹಿಂದೆ ಮೂರಕ್ಕೆ ಬದಲು ನಾಲ್ಕು ಸೆಕೆಂಡು ಇಟ್ಟುಕೊಳ್ಳಿ. ಲಾರಿಯ ಎರಡೂ ಕನ್ನಡಿಗಳು ನಿಮಗೆ ಕಾಣಬೇಕು; ನಿಮಗೆ ಅದರ ಕನ್ನಡಿ ಕಾಣದಿದ್ದರೆ ಚಾಲಕನಿಗೆ ನೀವು ಹಿಂದೆ ಇರುವುದೇ ಗೊತ್ತಿರುವುದಿಲ್ಲ. ಬ್ರೇಕ್ ದೀಪವನ್ನು ಪೂರ್ತಿ ನಂಬಬೇಡಿ, ಏಕೆಂದರೆ ಎಷ್ಟೋ ಹಳೆಯ ಲಾರಿಗಳಲ್ಲಿ ಒಂದೇ ದೀಪ ಉರಿಯುತ್ತದೆ, ಟ್ರ್ಯಾಕ್ಟರ್ ಡಬ್ಬಿಗಳಲ್ಲಿ ಅದೂ ಇರುವುದಿಲ್ಲ. ಲಾರಿಯ ಹಿಂಭಾಗ ಕಾರಿನ ಬಾನೆಟ್ಟಿಗಿಂತ ಎತ್ತರದಲ್ಲಿರುವುದರಿಂದ ಗುದ್ದಿದಾಗ ಕಾರು ಅದರ ಕೆಳಗೆ ತೂರಿಕೊಳ್ಳುತ್ತದೆ. ಆಗ ಪೆಟ್ಟು ಬಂಪರಿಗೆ ಬೀಳದೆ ನೇರವಾಗಿ ಮುಂದಿನ ಗಾಜಿಗೆ, ಒಳಗೆ ಕುಳಿತವರ ತಲೆಯ ಮಟ್ಟಕ್ಕೆ ಬೀಳುತ್ತದೆ.

ಇನ್ನು ಲೇನಿನ ಮಾತು. ಡಿವೈಡರ್ ಪಕ್ಕದ ಬಲಗಡೆಯ ಲೇನ್ ಇರುವುದು ಓವರ್‌ಟೇಕ್ ಮಾಡಲು. ಕೆಲಸ ಮುಗಿದ ಮೇಲೆ ಎಡಕ್ಕೆ ಮರಳಬೇಕು. ಮೂರು ಲೇನ್ ಇರುವ ಕಡೆ ನಡುವಿನದನ್ನು ನಿಮ್ಮ ಸಾಮಾನ್ಯ ಲೇನ್ ಎಂದುಕೊಳ್ಳಬಹುದು. ವಿಭಜಕವಿರುವ ನಾಲ್ಕು ಅಥವಾ ಹೆಚ್ಚು ಪಥಗಳ ರಸ್ತೆಯಲ್ಲಿ ಕಾರುಗಳ ಗರಿಷ್ಠ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 100 ಎಂದು, ಸರಕು ವಾಹನಗಳದ್ದನ್ನು 80 ಎಂದು ನಿಗದಿ ಮಾಡಿತು. ಆಯಾ ಜಾಗದ ಫಲಕದಲ್ಲಿ ಕಡಿಮೆ ಇದ್ದರೆ ಅದನ್ನೇ ಪಾಲಿಸಬೇಕು. ನಾನು ಮಿತಿಯಲ್ಲೇ ಹೋಗುತ್ತಿದ್ದೇನೆ, ಹಿಂದಿನವನು ಕಾಯಲಿ ಎಂದು ಬಲ ಲೇನಿನಲ್ಲೇ ಕುಳಿತುಕೊಳ್ಳುವವರು ತಮ್ಮನ್ನು ಶಿಸ್ತಿನವರು ಎಂದು ತಿಳಿದಿರುತ್ತಾರೆ. ಹಿಂದೆ ಬರುವವನ ವೇಗವನ್ನು ಹಿಡಿಯುವುದು ಪೊಲೀಸರ ಕೆಲಸ. ದಾರಿ ಬಿಡುವುದು ನಮ್ಮ ಕೆಲಸ. ತಡೆದಷ್ಟೂ ಅವನು ಎಡದಿಂದ ನುಗ್ಗುತ್ತಾನೆ, ಆ ಎಡದಲ್ಲಿ ಬೈಕಿನ ಸಂಸಾರಗಳು ಇರುತ್ತವೆ.

ಭಾರದ ಲಾರಿಗಳು ಬಲ ಲೇನ್ ಹಿಡಿಯುವುದಕ್ಕೂ ಕಾರಣವಿದೆ ಎಂಬುದನ್ನು ಕಾರಿನವರು ಅರಿಯಬೇಕು. ಎಡ ಲೇನಿನಲ್ಲಿ ಕುರಿ ಹಿಂಡು, ಚಕ್ಕಡಿ, ವಿರುದ್ಧ ದಿಕ್ಕಿನಿಂದ ಬರುವ ಬೈಕು ಯಾವಾಗ ಎದುರಾಗುತ್ತವೆಯೋ ಹೇಳಲಾಗದು, ಇಪ್ಪತ್ತೈದು ಟನ್ನಿನ ಲೋಡನ್ನು ಪದೇ ಪದೇ ನಿಲ್ಲಿಸಿ ಎಬ್ಬಿಸುವುದೂ ಸುಲಭವಲ್ಲ. ಸೈಡ್ ಕೇಳುವುದಾದರೆ ದೂರದಲ್ಲಿರುವಾಗಲೇ ಒಂದೆರಡು ಸಲ ಹೆಡ್‌ಲೈಟ್ ಮಿನುಗಿಸಿ ಡಿಪ್ಪರ್ ಕೊಡಿ, ಬಲ ಇಂಡಿಕೇಟರ್ ಹಾಕಿ, ಕಾಯಿರಿ. ಹತ್ತಿರ ಹೋಗಿ ಹಾರನ್ ಒತ್ತಿ ಹಿಡಿದರೆ ಚಾಲಕ ಗಾಬರಿಯಿಂದಲೋ ಸಿಟ್ಟಿನಿಂದಲೋ ಸರಿಯುತ್ತಾನೆ, ಎಡಗಡೆ ನೋಡಿ ಸರಿಯುವುದಿಲ್ಲ. ಲಾರಿಯವರು ಹಾಕುವ ಬಲ ಇಂಡಿಕೇಟರಿಗೆ ನಮ್ಮಲ್ಲಿ ಎರಡು ಅರ್ಥಗಳಿವೆ: ಕೆಲವರು ‘ನೀನು ಮುಂದೆ ಹೋಗು’ ಎಂದು ಹಾಕುತ್ತಾರೆ, ಕೆಲವರು ನಿಜವಾಗಿ ಬಲಕ್ಕೆ ಹೊರಳಲು ಹಾಕುತ್ತಾರೆ. ಅದನ್ನು ಅನುಮತಿ ಎಂದು ಎಂದಿಗೂ ಭಾವಿಸಬೇಡಿ. ನಿಮ್ಮ ಕಣ್ಣಿಗೆ ರಸ್ತೆ ಖಾಲಿ ಕಂಡ ಮೇಲೆಯೇ ಹೊರಡಿ. ದಾಟಿದ ಮೇಲೆ ಒಳಗಿನ ಕನ್ನಡಿಯಲ್ಲಿ ಲಾರಿಯ ಇಡೀ ಮುಖ ಕಾಣುವವರೆಗೆ ಎಡಕ್ಕೆ ಬರಬೇಡಿ, ಇಲ್ಲವಾದರೆ ಅವನು ಕಾಯ್ದುಕೊಂಡಿದ್ದ ಅಂತರವನ್ನು ನೀವೇ ಕಸಿದುಕೊಂಡಂತಾಗುತ್ತದೆ.

ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ–ಧಾರವಾಡ ಬೈಪಾಸ್ ಬಹುಕಾಲ ಎದುರುಬದುರು ವಾಹನ ಬರುವ ಎರಡೇ ಪಥಗಳ ರಸ್ತೆಯಾಗಿತ್ತು, 2021ರ ಜನವರಿಯಲ್ಲಿ ಇಟಿಗಟ್ಟಿಯ ಬಳಿ ಮಿನಿ ಬಸ್ಸು ಮತ್ತು ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡದ್ದು ಅಲ್ಲಿಯೇ. ಅಂಥ ಎರಡು ಪಥಗಳ ರಸ್ತೆಯಲ್ಲಿ ಅಥವಾ ಕಾಮಗಾರಿಯ ತಿರುವುಗಳಲ್ಲಿ ಮುಂದಿನವನಿಗೆ ಹತ್ತಿರವಾದಷ್ಟೂ ಎದುರಿನದು ಕಾಣದಾಗುತ್ತದೆ. ಹಿಂದೆ ಸರಿದು ನಿಂತವನಿಗೇ ಓವರ್‌ಟೇಕ್ ಮಾಡಲು ಸರಿಯಾದ ಸಮಯ ಕಾಣುತ್ತದೆ.

ನಿಮ್ಮ ಬೆನ್ನಿಗೇ ಒಬ್ಬ ಅಂಟಿಕೊಂಡರೆ ಏನು ಮಾಡಬೇಕು? ಅವನನ್ನು ಹೆದರಿಸಲು ಬ್ರೇಕ್ ಒತ್ತಬೇಡಿ, ವೇಗವನ್ನೂ ಹೆಚ್ಚಿಸಬೇಡಿ. ನಿಮ್ಮ ಮುಂದಿನ ಅಂತರವನ್ನು ಐದಾರು ಸೆಕೆಂಡಿಗೆ ಬೆಳೆಸಿಕೊಳ್ಳಿ. ಮುಂದೆ ಏನಾದರೂ ಆದಾಗ ನೀವು ಮೆಲ್ಲಗೆ ಬ್ರೇಕ್ ಹಾಕುವಂತಿರಬೇಕು; ನಿಮ್ಮ ಮುಂದಿನ ಜಾಗ ಆಗ ಹಿಂದಿನವನಿಗೂ ಒದಗುತ್ತದೆ. ಎಡಗಡೆ ಎಡೆ ಸಿಕ್ಕ ಕೂಡಲೇ ಇಂಡಿಕೇಟರ್ ಹಾಕಿ ಸರಿದು ಅವನನ್ನು ಕಳುಹಿಸಿಬಿಡಿ.

ಕಾನೂನು ಇದನ್ನೆಲ್ಲ ಚಾಲಕನ ಮರ್ಜಿಗೆ ಬಿಟ್ಟಿಲ್ಲ. ಮುಂದಿನ ವಾಹನ ಹಠಾತ್ತನೆ ನಿಂತರೂ ಗುದ್ದದಷ್ಟು ಅಂತರವನ್ನು ಹಿಂದಿನವನು ಇಡಲೇಬೇಕು ಎಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುತ್ತವೆ. ಆ ನಿಯಮಗಳನ್ನು ಮುರಿದರೆ ಮೋಟಾರು ವಾಹನ ಕಾಯ್ದೆಯ ಕಲಂ 177ಎ ಅಡಿ 500ರಿಂದ 1000 ರೂಪಾಯಿ ದಂಡವಿದೆ.

ರಾತ್ರಿಯ ಪ್ರಯಾಣಕ್ಕೆ ಬೇರೆಯೇ ಲೆಕ್ಕ ಬೇಕು. ಡಿಪ್ ಮಾಡಿದ ಹೆಡ್‌ಲೈಟ್ ಸುಮಾರು ನಲವತ್ತು ಐವತ್ತು ಮೀಟರ್ ತೋರಿಸುತ್ತದೆ. 80ರ ವೇಗದಲ್ಲಿ ಅದು ಎರಡು ಸೆಕೆಂಡಿನ ದಾರಿ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ತಮ್ಮ ಊರಿಗೆ ಮರಳುತ್ತಿದ್ದವರ ಟೆಂಪೊ ಟ್ರಾವೆಲರ್ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ 13 ಜನ ಸತ್ತರು. ಕತ್ತಲೆಯಲ್ಲಿ ನಿಮ್ಮ ದೀಪ ತೋರಿಸುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಷ್ಟೇ ಓಡಿಸಿ, ನಿದ್ದೆಯ ಜೋಂಪು ಹತ್ತಿದರೆ ಬಂಕಿನಲ್ಲೋ ಧಾಬಾದಲ್ಲೋ ಗಾಡಿ ಹಾಕಿ ಮಲಗಿ.

ನಿಮ್ಮದೇ ವಾಹನ ಕೆಟ್ಟು ನಿಂತಾಗ ಅದನ್ನು ಸಾಧ್ಯವಾದಷ್ಟು ಎಡಕ್ಕೆ, ಡಾಂಬರು ಬಿಟ್ಟು ಕೆಳಗೆ ಇಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಒಳಗಿದ್ದವರೆಲ್ಲ ಎಡ ಬಾಗಿಲಿನಿಂದ ಇಳಿದು ರಸ್ತೆಯಿಂದ ದೂರ ನಿಲ್ಲಲಿ. ಹಿಂದಕ್ಕೆ ನೂರು ಹೆಜ್ಜೆ ಎಣಿಸಿಕೊಂಡು ಹೋಗಿ ಕೆಂಪು ತ್ರಿಕೋನವನ್ನು ಇಡಿ. ಬರುವ ಚಾಲಕನಿಗೆ ಬೇಕಾದ ಮೂರು ಸೆಕೆಂಡನ್ನು ಆ ನೂರು ಹೆಜ್ಜೆಗಳೇ ಕೊಡುತ್ತವೆ. ಬಳಿಕ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆಯನ್ನು ಓದಿ ಹೇಳಿ.